ಗ್ಲೌಸಿನ ಒಳಗಿನ ಹೆಸರು

ನನ್ನ ಜೀವನದಾಗ ಅತೀ ಹೆಚ್ಚು ಚಪ್ಪಾಳಿ ಬಿದ್ದ ದಿನಾನೇ ನಾ ಅತೀ ದೊಡ್ಡ ಮಂಗ್ಯಾತನ ಮಾಡಿದ ದಿನ.

ಸಣ್ಣಪುಟ್ಟ ಮಂಗ್ಯಾತನಕ್ಕ ಲೆಕ್ಕ ಇಲ್ರಿ. ರಾಯಚೂರಿನಾಗ ಒಂದು ಮದುವಿಯೊಳಗ ಮೈಕ್ ಹಿಡಕೊಂಡು, "ನೂತನ ವಧೂವರರಿಗೆ ಭಾವಪೂರ್ಣ ಶ್ರದ್ಧಾಂಜಲಿ" ಅಂದವ ನಾನ. ಬಾಕ್ಸಿಂಗ್ ಪಂದ್ಯದಾಗ ನೀಲಿ ಮೂಲಿಯವ ಗೆದ್ದಿದ್ರ ಕೆಂಪು ಮೂಲಿಯವ ಗೆದ್ದ ಅಂತ ಒದರಿ, ಗೆದ್ದವನ ಅಪ್ಪನ ಕೈಲಿ ಚಪ್ಪಲಿ ಏಟು ತಿಂದವನೂ ನಾನ. ಅವನ್ನೆಲ್ಲ ನಾನ ಹೇಳಿ ನಾನ ನಗತೀನಿ. ಇದೊಂದು ಹೇಳಾಕ ಬಾಯಿ ಬರವಲ್ದು. ಬಾಯಿ ಬರವಲ್ದು ಅಂತ ನಾ ಹೇಳಿದ್ರ ನಮ್ಮವ್ವನೂ ನಂಬಂಗಿಲ್ಲ, ಅದು ಬ್ಯಾರೆ ಮಾತು.

ಜಿಲ್ಲಾ ಪಂದ್ಯ ಮುಗಿದು ಬಹುಮಾನ ಕೊಡೋ ಕಾರ್ಯಕ್ರಮ. ಮುಖ್ಯ ಅತಿಥಿ ಇನ್ನಾ ಬಂದಿದ್ದಿಲ್ಲ. ಮಂದಿ ಏಳಾಕತ್ತಿದ್ರು. "ಏ ತಮ್ಮಾ, ಜರಾ ಏನರ ಮಾಡಿ ಕುಂದರಸೋ" ಅಂದ್ರು ಯಾರೋ. ನಾ ಹೆಗಲಿಗಿ ಟವೆಲ್ ಹಾಕ್ಕೊಂಡೆ, ಸೀಟಿ ಬಾಯಾಗ ಇಟ್ಟೆ, ನಮ್ಮ ಉಸ್ತಾದ್‌ರ ನಕಲಿ ಮಾಡಿಬಿಟ್ಟೆ. ಮಂದಿ ಬಿದ್ದು ಬಿದ್ದು ನಕ್ಕರು. ಉಸ್ತಾದ್ ಮುಂದಿನ ಸಾಲಿನಾಗ ಕುಂತಿದ್ರು. ಎಲ್ಲಾರಕಿಂತ ಜೋರಾಗಿ ನಕ್ಕವರು ಅವರ.

ಹೋದ ತಿಂಗಳು ಅವರು ತೀರಿಕೊಂಡ್ರು.

ಉಸ್ತಾದ್ ಅಂದ್ರ ರಾಯಚೂರು ಕ್ವಾಟಿ ಗ್ವಾಡಿ ಹಿಂದಿನ ತಗಡಿನ ಶೆಡ್ಡಿನಾಗ ಬಾಕ್ಸಿಂಗ್ ಕಲಸೋರು. ಹುಟ್ಟಿದ್ದು ದೇವದುರ್ಗದ ಕಡಿ. ಫೌಜಿನಾಗ ಇದ್ದು, ಅಲ್ಲೇ ಏಟು ತಿಂದು, ಏಟು ಕೊಟ್ಟು, ರಿಟೈರ್ ಆಗಿ ಬಂದವರು. ಅವರ ಮೂಗು ಒಂದ್ಸಲ ಎಡಕ್ಕ ಮುರದು, ಇನ್ನೊಂದ್ಸಲ ಬಲಕ್ಕ ಮುರದು, ಕಡೀಗಿ ನಟ್ಟನಡುವ ಬಂದು ನಿಂತಿತ್ತು. "ದೇವರು ಕೊಟ್ಟದ್ದಕ್ಕಿಂತ ಈಗ ಸೀದಾ ಅದ ನೋಡು" ಅನ್ನೋರು. ಬ್ಯಾಸಗಿಯೊಳಗ ಆ ಶೆಡ್ಡಿನಾಗ ರೊಟ್ಟಿ ಹಂಚು ಬ್ಯಾಡ, ನೆಲದ ಮ್ಯಾಲ ಹಿಟ್ಟು ತಟ್ಟಿದ್ರ ಸಾಕು. ಅಂಥಾದ್ರಾಗ ಉಸ್ತಾದ್ ಹೆಗಲ ಮ್ಯಾಲ ಟವೆಲ್ ಹಾಕ್ಕೊಂಡು, "ಹೊಡಿಯೋದು ಯಾರರ ಕಲಸ್ತಾರ. ನಿಂದ್ರೋದು ಕಲೀರಿ, ನಿಂದ್ರೋದು" ಅಂತ ಅಡ್ಡಾಡೋರು.

ನಾ ಮಾನ್ವಿಯವ. ಡಿಗ್ರಿ ಓದಾಕ ರಾಯಚೂರಿಗಿ ಬಂದಿದ್ದೆ. ಬಾಕ್ಸಿಂಗ್ ಸೇರಿದ್ರ ಟ್ರ್ಯಾಕ್‌ಸೂಟ್ ಕೊಡ್ತಾರಂತ ಯಾವನೋ ಹೇಳಿದ, ಸೇರಿದೆ. ಮೊದಲನೇ ದಿನ ನನ್ನ ಎದುರಿಗಿ ಒಬ್ಬ ಹುಡುಗಿನ್ನ ನಿಲ್ಲಿಸಿದ್ರು. ಅರಕೇರಾದ ಹುಲಿಗೆಮ್ಮ. ಕೂಲಿ ಮನಿ ಹುಡುಗಿ, ರಾಯಚೂರಿನ ಹಾಸ್ಟೆಲಿನಾಗ ಇದ್ದು ಓದಾಕತ್ತಿದ್ಲು. "ಪಾಪ, ಜೋರಾಗಿ ಹೊಡಿಬೇಕೋ ಮೆಲ್ಲಕ ಹೊಡಿಬೇಕೋ ಉಸ್ತಾದ್?" ಅಂತ ಕೇಳಾಕತ್ತಿದ್ದೆ. ಆಮ್ಯಾಲ ನನಗ ನೆನಪಿರೋದು ತಗಡಿನ ಮಾಳಿಗಿ ಒಂದ. ಉಸ್ತಾದ್ ನನ್ನ ಮಾರಿ ಮ್ಯಾಲ ನೀರು ಗೊಜ್ಜಿ ಎಬ್ಬಿಸಿದ್ರು.

"ಬಿದ್ದೆ ಅಂತ ಬ್ಯಾಸರ ಮಾಡ್ಕೋಬ್ಯಾಡ ಮಗಾ. ಬೀಳೋ ಮುಂದನೂ ಮಾತಾಡಾಕತ್ತಿದ್ದಿ. ಅಂಥಾ ಬಾಯಿ ನಾ ಫೌಜಿನಾಗೂ ನೋಡಿಲ್ಲ. ಕೈ ಬಿಡು, ಮೈಕ್ ಹಿಡಿ."

ಹಂಗ ನಾ ಮೈಕಪ್ಪ ಆದೆ. ರಿಂಗಿನ ಬಾಜೂಕ ಕುಂತು ಹೆಸರು ಕೂಗೋ ಕೆಲಸ. ಈಗ ಮದುವಿ, ಉದ್ಘಾಟನಿ, ಏನಿದ್ರೂ ಕರೀತಾರ. ನನ್ನ ಅನ್ನಕ್ಕ ದಾರಿ ಮಾಡಿದ್ದು ಆ ಹುಡುಗಿ ಒಂದು ಏಟು, ಉಸ್ತಾದ್‌ರ ಒಂದು ಮಾತು.

ಆದ್ರ ಹೆಸರು ಕೂಗೋದು ಅಂದ್ರ ನಮ್ಮ ಕಡಿ ಹುಡುಗಾಟ ಅಲ್ರಿ. ನಮ್ಮ ಶೆಡ್ಡಿನ ಯಂಕೋಬನ್ನ ತಗೋರಿ. ಆಧಾರಿನಾಗ ಯಂಕೋಬ, ಸಾಲಿ ಕಾಗದದಾಗ ವೆಂಕೋಬ, ರೇಷನ್ ಕಾರ್ಡಿನಾಗ ಎಂಕೋಬ. ಇಂಗ್ಲೀಷಿಗಿ ಹೋದ್ರ ಒಬ್ಬ ವೈ ಹಚ್ಚತಾನ, ಒಬ್ಬ ವಿ ಹಚ್ಚತಾನ, ಮತ್ತೊಬ್ಬ ಶ್ಯಾಣ್ಯಾ ಎರಡೂ ಹಚ್ಚತಾನ. ಹಣಮಂತ, ಹನುಮಂತ, ಹನ್ಮಂತು ಮೂರೂ ಒಬ್ಬನ ಆಗಿರಬಹುದು, ಮೂರು ಮಂದೀನೂ ಆಗಿರಬಹುದು. ಮಾನ್ವಿಯೊಳಗ ಒಂದ್ಸಲ ಯಂಕೋಬ ಬ್ಯಾರೆ, ವೆಂಕೋಬ ಬ್ಯಾರೆ ಅಂತ ತಿಳದು ಅವನ ಎದುರಿಗಿ ಅವನ್ನ ಹಾಕಿಬಿಟ್ಟಿದ್ರು. ನಾನರ ನೋಡಬೇಕೋ ಬ್ಯಾಡೋ? ಮೈಕಿನಾಗ ಎರಡೂ ಹೆಸರು ಗಟ್ಟಿ ಕೂಗಿದೆ. ಅಂವ ಕೆಂಪು ಮೂಲಿಗಿ ಬಂದು ನಿಂತ. ನೀಲಿ ಮೂಲಿಗಿ ಯಾರೂ ಬರಲಿಲ್ಲ. "ವೆಂಕೋಬ ಎಲ್ಲಿದ್ರೂ ಜಲ್ದಿ ಬರಬೇಕು" ಅಂತ ಮತ್ತ ಕೂಗಿದೆ. ಪಾಪ, ಹುಡುಗ ಓಡಿ ಹೋಗಿ ನೀಲಿ ಮೂಲ್ಯಾಗ ನಿಂತ. "ಯಂಕೋಬ ಎಲ್ಲಿ ಹೋದ?" ಅಂದೆ. ಮತ್ತ ಕೆಂಪಿಗಿ ಓಡಿ ಬಂದ. ಹೊಡದಾಟ ಚಾಲೂ ಆಗೋಕಿಂತ ಮೊದಲ ಹುಡುಗ ತೇಕಾಕತ್ತಿದ್ದ. ಕಡೀಗಿ ಎದುರಾಳಿ ಬರದ ಕಾರಣ ಯಂಕೋಬ ಗೆದ್ದ, ವೆಂಕೋಬ ಸೋತ ಅಂತ ಬರಕೊಂಡ್ರು. ಅವರವ್ವ ಇವತ್ತಿಗೂ ಕೇಳ್ತಾಳ, "ಸೋತದ್ದು ಯಾರ ಮಗನಪಾ, ಪಾಪ?"

ಎಲ್ಲಾರೂ ನಕ್ಕರು. ಉಸ್ತಾದ್ ನಗಲಿಲ್ಲ.

ಅವರದೊಂದು ಪದ್ಧತಿ ಇತ್ತು. ಪಂದ್ಯಕ್ಕ ಮೊದಲು ಹುಡುಗ್ರ ಕೈಗಿ ಬಟ್ಟಿ ಸುತ್ತತಾರ, ಗ್ಲೌಸಿನ ಒಳಗ ಬೆರಳು ಮುರಿಬಾರದಂತ. ಅದನ್ನ ಅವರು ಬ್ಯಾರೆ ಯಾರಿಗೂ ಬಿಡತಿದ್ದಿಲ್ಲ. ಹುಡುಗ್ರ ಮುಂದ ಮಣಕಾಲೂರಿ ಕುಂತು, ಹೆಬ್ಬೆರಳಿನಿಂದ ಚಾಲೂ ಮಾಡಿ, ಕೂಸಿಗಿ ಕುಂಚಿಗಿ ಕಟ್ಟಿದಂಗ ಸುತ್ತೋರು. ಅಂಟುಪಟ್ಟಿ ಹಲ್ಲಿಲೆ ಕಚ್ಚಿ ಹರದು ಮಣಿಕಟ್ಟಿಗಿ ಅಂಟಿಸೋರು. ಆಮ್ಯಾಲ ಜೇಬಿನಾಗಿನ ಮಾರ್ಕರ್ ತಗದು ಅದರ ಮ್ಯಾಲ ಆ ಹುಡುಗಂದೋ ಹುಡುಗಿದೋ ಹೆಸರು ಬರಿಯೋರು. ಅದರ ಮ್ಯಾಲ ಗ್ಲೌಸ್.

"ಗ್ಲೌಸ್ ಹಾಕಿದ ಮ್ಯಾಲ ಯಾರಿಗೂ ಕಾಣಂಗಿಲ್ಲಲ್ರಿ, ಯಾಕ ಬರೀತೀರಿ?" ಅಂತ ಕೇಳಿದ್ದೆ.

"ಹೊರಗ ನೀ ಮೈಕಿನಾಗ ಏನರ ಒದರು. ಕಾಗದದಾಗ ಅವರು ಏನರ ಬರಕೊಳ್ಳಲಿ. ಒಳಗ ಬರಾಬರ್ ಇರಬೇಕು."

ಬರಾಬರ್ ಹೆಸರು ಯಾವುದು ಅಂತ ಕಾಗದ ನೋಡಿ ಬರೀತಿದ್ದಿಲ್ಲ. ಹುಡುಗ್ರ ಮನಿಗಿ ಹೋಗಿ ಅವರವ್ವನ್ನ ಕೇಳೋರು. ಹುಲಿಗೆಮ್ಮನ ಸಲುವಾಗಿ ಅರಕೇರಾಕ್ಕ ಹೋದಾಗ ನಾನೂ ಗಂಟು ಬಿದ್ದಿದ್ದೆ. ದೇವದುರ್ಗದಾಗ ಇಳದು ಒಗ್ಗರಣಿ ಮಿರ್ಚಿ ತಿಂದು, ಬ್ಯಾರೆ ಬಸ್ ಹಿಡದು ಹೋದ್ವಿ. ಅವರವ್ವ ಅಂಗಳದಾಗ ಕುಂತು ತೊಗರಿ ಕೇರಾಕತ್ತಿದ್ಲು.

"ಯವ್ವಾ, ಮಗಳನ್ನ ಜರಾ ಕರಿ" ಅಂದ್ರು ಉಸ್ತಾದ್.

"ಇಲ್ಲೇ ನಿಂತಾಳಲ್ರಿ ಯಪ್ಪಾ, ನಿಮ್ಮ ಮುಂದ!"

"ನಿಂತ್ರೂ ಕರಿ. ನೀ ಹೆಂಗ ಕರೀತಿ, ನಾ ಕೇಳಬೇಕು."

ಆಯವ್ವ ನಾಚಿಕೊಂಡು ಸೆರಗು ಬಾಯಿಗಿ ಹಿಡದ್ಲು. ಆಮ್ಯಾಲ ಹೊಲದಾಗ ಇದ್ದಾಕಿನ್ನ ಕರದಂಗ, "ಏ ಹುಲಿಗೀ..." ಅಂತ ಒಂದ ಸಮ ಕೂಗಿದ್ಲು. ನಾಯಿ ಹೊಳ್ಳಿ ನೋಡಿತು, ಬಾಜೂ ಮನಿಯ ಎರಡು ಆಡು ಹೊಳ್ಳಿದ್ವು, ಎದುರಿಗೇ ನಿಂತಿದ್ದ ಹುಲಿಗೆಮ್ಮನೂ ಬೆಚ್ಚಿ "ಓ" ಅಂದ್ಲು. ಉಸ್ತಾದ್‌ಗ ಅಷ್ಟ ಬೇಕಾಗಿತ್ತು.

"ಕಾಗದದಾಗ ನೀ ಹುಲಿಗೆಮ್ಮ. ಕೈಯಾಗ ಹುಲಿಗಿ. ಏಟು ಬಿದ್ದು ಕಣ್ಣಿಗಿ ಕತ್ತಲಿ ಬಂದಾಗ ಮನಷಾ ಹೊಳ್ಳಿ ನೋಡೋದು ಅವ್ವ ಕರದ ಹೆಸರಿಗಿ ಮಾತ್ರ."

ಹೊಳ್ಳಿ ಬರೋ ಬಸ್ಸಿನಾಗ ಅವರ ತಾವಾಗೇ ಹೇಳಿದ್ರು. ಫೌಜಿಗಿ ಸೇರಿದಾಗ ಅವರ ಹೆಸರು ತಪ್ಪು ಬರಕೊಂಡಿದ್ರಂತ. ತಿದ್ದಸಾಕ ಹೋಗಲಿಲ್ಲ, ಅದಕ್ಕ ಹೂಂ ಅಂದ್ಕೊಂತ ಹ್ವಾದ್ರು. "ಎಷ್ಟೋ ವರ್ಷದ ಮ್ಯಾಲ ರಜಾಕ್ಕ ಊರಿಗಿ ಬಂದೆ. ನಮ್ಮವ್ವ ಬಾಗಿಲಿನಾಗ ನಿಂತು ಹೆಸರು ಹಿಡದು ಕರದ್ಲು. ನಾ ಹೊಳ್ಳಿ ನೋಡಲಿಲ್ಲ ಮಗಾ. ಯಾರನ್ನೋ ಕರೀತಾಳ ಅನ್ಕೊಂಡೆ." ಇಷ್ಟು ಹೇಳಿ ಕಿಡಕಿ ಹೊರಗ ನೋಡಾಕತ್ತಿದ್ರು. ನನಗ ಅಲ್ಲೂ ಒಂದು ಜೋಕ್ ಹೊಳದಿತ್ತು. ನಮ್ಮಪ್ಪನ ಪುಣ್ಯ, ಹೇಳಲಿಲ್ಲ.

ಅವರಿಗಿದ್ದದ್ದು ಒಂದ ಆಸೆ. ಶೆಡ್ಡಿನಿಂದ ಒಬ್ಬರರ ರಾಜ್ಯಮಟ್ಟಕ್ಕ ಹೋಗಬೇಕು, ಆವತ್ತು ಅವರ ಮೂಲ್ಯಾಗ ತಾವ ನಿಂತು ಸ್ಟೂಲು ಇಡಬೇಕು. ರೌಂಡ್ ಮುಗಿದಾಗ ಹುಡುಗ್ರು ಬಂದು ಕುಂದ್ರೋ ಸ್ಟೂಲು. "ಗೆಲ್ಲೋದು ಸೋಲೋದು ಅವರ ಹಣೆಬರಾ. ಸ್ಟೂಲು ನಂದು" ಅನ್ನೋರು. ಹುಲಿಗೆಮ್ಮ ಹೋಗ್ತಾಳ ಅಂತ ಅವರಿಗಿ ಖಾತ್ರಿ ಇತ್ತು.

ಆಮ್ಯಾಮ್ಯಾಲ ಉಸ್ತಾದ್ ಬರಿಯೋ ಹೆಸರು ತಪ್ಪಾಕತ್ತಿದ್ವು. ಹುಲಿಗಿ ಹೋಗಿ ಹುಲಗಿ ಆತು, ಹುಲಿಗ ಆತು, ಒಂದಿನ ಬರೇ ಹಲಿ. ಯಂಕೋಬ ಯಕೋಂಬ ಆದ. ಪಂದ್ಯಕ್ಕ ಹೆಸರು ಕೊಡೋ ಮುಂದ ಮುಂಜಾನಿ ಒಂದು ಥರ ಬರಿಯೋರು, ಮಧ್ಯಾಹ್ನ ಒಂದು ಥರ. ಬ್ಯಾರೆ ಎಲ್ಲ್ಯರ ಆಗಿದ್ರ ಮಂದಿ ಗಾಬರಿ ಆಗತಿದ್ರೇನೋ. ನಮ್ಮ ಕಡಿ ಒಬ್ಬನ ಹೆಸರು ದಿನಕ್ಕೊಂದು ನಮೂನಿ ಬರದ್ರ ಅದು ರೋಗ ಅಂತ ಯಾರಿಗಿ ಅನಸ್ತದ್ರಿ? ಯಂಕೋಬಗ ಮೂರು ಹೆಸರು ಮೊದಲ ಇದ್ವು, ಇದು ನಾಲ್ಕನೇದು ಅಂದ್ಕೊಂಡ್ವಿ. ನಾ ಅಂತೂ ಖುಷಿಲೆ ಎಲ್ಲಾ ನೆನಪಿಟ್ಟುಕೊಂಡೆ. ನನ್ನಂಥವಗ ಅದು ಮಂದೀನ ನಗಸೋ ಸಾಮಾನು.

ಮಾನ್ವಿಯೊಳಗ ಒಂದ್ಸಲ ರೌಂಡ್ ಮುಗಿದ ಗಂಟಿ ಆತು. ಉಸ್ತಾದ್ ನೀರಿನ ಬಾಟ್ಲಿ ಹಿಡಕೊಂಡು ಸೀದಾ ಎದುರಾಳಿ ಮೂಲಿಗಿ ಹ್ವಾದ್ರು. ಆ ಹುಡುಗನ ಮಾರಿ ಒರಸಿದ್ರು, ನೀರು ಕುಡಸಿದ್ರು, ಬೆನ್ನು ಚಪ್ಪರಿಸಿದ್ರು. ಅವರ ಕೋಚು "ಉಸ್ತಾದ್, ಇಂವ ನಮ್ಮವರಿ" ಅಂದ. ಉಸ್ತಾದ್ ಜರಾ ತಡದು, "ಇರಲಿ ಬಿಡಪಾ, ಇವನೂ ಯಾರದೋ ಮಗ" ಅಂದ್ರು. ಮಂದಿ ಚಪ್ಪಾಳಿ ಹೊಡದ್ರು. ಎಂಥಾ ದೊಡ್ಡ ದಿಲ್ ಅಂದ್ರು. ನಾ ಮೈಕಿನಾಗ "ಇದು ನಮ್ಮ ರಾಯಚೂರಿನ ಸಂಸ್ಕೃತಿ" ಅಂತ ಒಂದು ಭಾಷಣಾನೂ ಬಿಗದೆ.

ಆ ಬಹುಮಾನದ ಕಾರ್ಯಕ್ರಮದಾಗ ನಾ ಮಾಡಿದ್ದು ಇದನ್ನೆಲ್ಲಾ. ಯಂಕೋಬನ್ನ ಸ್ಟೇಜಿಗಿ ಎಳದು ಕುಂದರಿಸಿ, ಮಣಕಾಲೂರಿ, ಅವನ ಕೈಗಿ ಟವೆಲ್ ಸುತ್ತಿದೆ. ಹೆಸರು ಬರದೆ, ಅಳಸಿದೆ, ಬರದೆ, ತಲಿ ಕೆರಕೊಂಡೆ, "ಏ ಮಗಾ, ನೀ ಯಾರು?" ಅಂದೆ. ಯಾರಾದ್ರೂ ಆಗು ಅಂತ ಕೈ ಮಾತ್ರ ಬಿಡಲಿಲ್ಲ. ಗಂಟಿ ಆತು ಅಂದ ಕೂಡಲೇ ನೀರಿನ ಬಾಟ್ಲಿ ಹಿಡಕೊಂಡು ಮುಂದ ಕುಂತ ಅಧಿಕಾರಿಗಳ ಮಾರಿ ಒರಸಾಕ ಹ್ವಾದೆ. "ನೀನೂ ಯಾರದೋ ಮಗ." ಸೀಟಿ, ಕೇಕಿ, ಕುರ್ಚಿ ಬಡದು ನಕ್ಕರು. ಉಸ್ತಾದ್ ಕಣ್ಣಾಗ ನೀರು ಬರೋಹಂಗ ನಗಾಕತ್ತಿದ್ರು. ನಗದೇ ಇದ್ದಾಕಿ ಹುಲಿಗೆಮ್ಮ ಒಬ್ಬಾಕಿ. ಬಹುಮಾನಕ್ಕ ಕಾಯಾಕತ್ತಾಳ, ಟೆನ್ಷನ್ ಆಗಿರಬೇಕು ಅಂದ್ಕೊಂಡೆ.

ಕೆಳಗ ಇಳದಾಗ ಬಾಕ್ಸಿಂಗ್ ಕಮಿಟಿ ಹಿರೇರೊಬ್ಬರು ನನ್ನ ಬಾಜೂಕ ಕರದ್ರು. "ಏ ತಮ್ಮಾ, ಹೆಸರು ಮರಿಯೋದು, ಮೂಲಿ ತಪ್ಪಿ ಹೋಗೋದು, ಇವು ಖರೇ ಆದದ್ದೋ, ನೀ ಹಚ್ಚಿ ಮಾಡಿದ್ದೋ?"

"ಖರೇರಿ ಸರ. ನಾ ಒಂದು ಅಕ್ಷರ ಹಚ್ಚಿಲ್ಲ" ಅಂದೆ ಎದಿ ಉಬ್ಬಿಸಿ.

ಹುಟ್ಟಿದಾಗಿಂದ ಸುಳ್ಳು ಹೇಳ್ಕೊಂತ ಬಂದವ, ಅವತ್ತೊಂದಿನ ಖರೇ ಹೇಳಿದೆ ನೋಡ್ರಿ.

ಮುಂದ ಸ್ವಲ್ಪ ದಿನಕ್ಕ ಕಮಿಟಿಯವರು ಉಸ್ತಾದ್‌ಗ ಶಾಲು ಹೊಚ್ಚಿ, ಹಾರ ಹಾಕಿ, "ಭಾಳ ದುಡದೀರಿ, ಇನ್ನ ಆರಾಮ ತಗೋರಿ" ಅಂದ್ರು. ಹುಲಿಗೆಮ್ಮ ರಾಜ್ಯಮಟ್ಟಕ್ಕ ಆರಿಸಿ ಬಂದಿದ್ಲು. ಆಕಿ ಜೋಡಿ ಹೋಗಾಕ ಬ್ಯಾರೆ ಕೋಚಿನ್ನ ನೇಮಿಸಿದ್ರು. ಆ ಸುದ್ದಿ ಬಂದ ದಿನ ಹುಲಿಗೆಮ್ಮ ಶೆಡ್ಡಿನ ಹಿಂದ ನನ್ನ ಅಡ್ಡ ಹಾಕಿದ್ಲು.

"ಲೇ ಮೈಕಪ್ಪ, ನಿನಗ ಗೊತ್ತಿದ್ದಿಲ್ಲ ಅಂತ ನನಗ ಗೊತ್ತದ. ಅದಕ್ಕ ಹೊಡಿವಲ್ಲೆ."

"ಏನು ಗೊತ್ತಿದ್ದಿಲ್ಲ ಬೇ?"

"ಉಸ್ತಾದ್‌ಗ ಆರಾಮಿಲ್ಲ. ತಲಿಗಿ ಬಿದ್ದ ಹಳೇ ಏಟು ಒಳಗಿಂದ ತಿನ್ನಾಕತ್ತಾವಂತ. ಡಾಕ್ಟರ್ ಹೇಳ್ಯಾರ. ಮನಿ ದಾರಿನೂ ತಪ್ಪತಾರ. ನಾವು ಹುಡುಗ್ರು ಪಾಳಿ ಹಚ್ಚಿ ಕರಕೊಂಡು ಹೋಗಿ ಬಿಟ್ಟು ಬರ್ತೀವಿ. ಕೈ ಪಟ್ಟಿ ಮ್ಯಾಲ ಹೆಸರು ತಪ್ಪು ಬರದ್ರ ಅವರ ಎದುರಿಗಿ ಸುಮ್ಮನಿದ್ದು, ಆಮ್ಯಾಲ ನಾವ ತಿದ್ದಿಕೋತೀವಿ. ಆ ಸ್ಟೂಲು ಇಡೋ ತನಕ ಯಾರಿಗೂ ಗೊತ್ತಾಗಬಾರದಂತ ಎಲ್ಲಾರೂ ಮಾತಾಡಿಕೊಂಡಿದ್ವಿ."

"ನನಗ ಯಾಕ ಹೇಳಲಿಲ್ಲ?"

"ನಿನಗ ಹೇಳಿದ್ರ ಇಡೀ ರಾಯಚೂರಿಗಿ ಹೇಳಿದಂಗ ಅಂತ ಹೇಳಲಿಲ್ಲ." ಹೋಗೋ ಮುಂದ ಹೊಳ್ಳಿ ಅಂದ್ಲು, "ಹೇಳದೇ ಇದ್ರೂ ನೀ ಹೇಳಿದಿಯಲ್ಲ."

ಆಕಿ ಅಂದು ಹೊಡದದ್ದಕ್ಕಿಂತ ಇದು ಜೋರು ಬಿತ್ತು.

ಆಕಿ ರಾಜ್ಯಮಟ್ಟದಾಗ ಎರಡನೇ ಪಂದ್ಯಕ್ಕ ಸೋತು ಬಂದ್ಲು. ನಾ ಬಸ್‌ಸ್ಟ್ಯಾಂಡಿಗಿ ಹೋಗಿದ್ದೆ, ಬೈಸಿಕೊಳ್ಳಾಕ. ಬೈಯಲಿಲ್ಲ. "ನಿನ್ನಿಂದ ಸೋತಿಲ್ಲ ಬಿಡು, ಎದುರಿನಾಕಿ ಚಲೋ ಇದ್ಲು. ಹೊಸ ಸರ್‌ನೂ ಚಲೋರು. ಸ್ಟೂಲು ಇಟ್ರು, ನೀರು ಕೊಟ್ರು. 'ಹುಲಿಗೆಮ್ಮ, ಕೈ ಮ್ಯಾಲ, ಕೈ ಮ್ಯಾಲ' ಅಂದ್ರು. ನನಗ ಬ್ಯಾರೆ ಯಾರಿಗೋ ಹೇಳಾಕತ್ತಾರ ಅನಸ್ತು." ಮಣಿಕಟ್ಟಿನ ಪಟ್ಟಿ ಇನ್ನಾ ಬಿಚ್ಚಿದ್ದಿಲ್ಲ. ಅದರ ಮ್ಯಾಲ ಏನೂ ಬರದಿದ್ದಿಲ್ಲ. ತಾನ ಬರಕೋಬಹುದಿತ್ತು. ಬರಕೊಂಡಿದ್ದಿಲ್ಲ.

ಉಸ್ತಾದ್‌ರ ಮನಿಗಿ ಹೋಗಾಕ ನನಗ ಭಾಳ ದಿನ ಧೈರ್ಯ ಬರಲಿಲ್ಲ. ಕಡೀಗಿ ಹ್ವಾದೆ. ಅಂಗಳದಾಗ ಬೇವಿನ ಗಿಡದ ನೆಳ್ಳಾಗ ಕುಂತಿದ್ರು. ಅವರ ಹೆಂಡತಿ, ನಾವೆಲ್ಲಾ ಯವ್ವಾ ಅಂತೀವಿ, ಚಾ ತಂದು ಕೊಟ್ಲು. "ಏನ್ರೀ, ಯಾರು ಬಂದಾರ ನೋಡ್ರಿ" ಅಂದ್ಲು. ನೋಡಿದ್ರು. ಬಂದವರಿಗೆಲ್ಲಾ ನಕ್ಕಂಗ ನಕ್ಕರು. ನಾ ಮೈಕಪ್ಪ ಅಂದೆ, ಮಾನ್ವಿಯವ ಅಂದೆ, ಬೀಳೋ ಮುಂದೂ ಮಾತಾಡತಿದ್ದೆ ಅಂದೆ. ಹೂಂ ಹೂಂ ಅಂದ್ರು.

ಹಗ್ಗದ ಮ್ಯಾಲ ಒಣಾ ಹಾಕಿದ್ದ, ಕೈಗಿ ಸುತ್ತೋ ಹಳೇ ಪಟ್ಟಿ ಅವರ ಕಣ್ಣಿಗಿ ಬಿತ್ತು. ಎದ್ದು ಹೋಗಿ ತಗೊಂಡು ಬಂದು ನನ್ನ ಮುಂದ ಮಣಕಾಲೂರಿ ಕುಂತ್ರು. ನನ್ನ ಕೈ ಹಿಡದು, ಹೆಬ್ಬೆರಳಿನಿಂದ ಚಾಲೂ ಮಾಡಿ ಸುತ್ತಾಕತ್ತಿದ್ರು. ಒಂದು ಸುತ್ತೂ ತಪ್ಪಲಿಲ್ರಿ. ಹೆಸರು ಹೋಗಿತ್ತು, ಮನಿ ದಾರಿ ಹೋಗಿತ್ತು, ಬೆರಳಿಗಿ ಎಲ್ಲಾ ನೆನಪಿತ್ತು. ಮುಗಿಸಿ, ಕೈ ಜೇಬಿಗಿ ಹೋತು. ಮಾರ್ಕರ್ ಇದ್ದಿಲ್ಲ. ನನ್ನ ಮಾರಿ ನೋಡಿ ಕೇಳಿದ್ರು, "ನಿಮ್ಮವ್ವ ನಿನಗ ಏನಂತ ಕರೀತಾಳ ಮಗಾ?"

ಹೇಳಿದೆ. ಬೆರಳಿಲೆ ಪಟ್ಟಿ ಮ್ಯಾಲ ಏನೋ ಗೀಚಿದ್ರು. ಏನು ಬರದ್ರೋ ಕಾಣಲಿಲ್ಲ. "ಹೋಗು, ಹೆಸರು ಒಳಗ ಅದ. ಅಂಜಬ್ಯಾಡ" ಅಂದ್ರು. ನಾ ಆ ಪಟ್ಟಿ ಕಟ್ಟಿಕೊಂಡ ಮಾನ್ವಿ ಬಸ್ ಹತ್ತಿದೆ. ಕಂಡಕ್ಟರ್ "ಕೈಗಿ ಏನಾತೋ?" ಅಂದ. "ಬಿದ್ದೆ" ಅಂದೆ.

ಅವರು ತೀರಿಕೊಂಡ ದಿನ ಶೆಡ್ಡಿನ ಹುಡುಗ್ರೆಲ್ಲಾ ಬಂದಿದ್ರು. ಯಂಕೋಬ ಶಕ್ತಿನಗರದ ಕರೆಂಟ್ ಫ್ಯಾಕ್ಟರಿಯಾಗ ಕಾಂಟ್ರಾಕ್ಟ್ ಕೆಲಸಕ್ಕ ಸೇರ್ಯಾನ, ಬೂದಿ ಹತ್ತಿದ ಅಂಗೀಲೇ ಓಡಿ ಬಂದಿದ್ದ. ಮಣ್ಣಿಗಿ ಒಯ್ಯೋಕಿಂತ ಮೊದಲು ಹುಲಿಗೆಮ್ಮ ಹಿರೇರನ್ನ ಕೇಳಿ ಅವರ ಎರಡೂ ಕೈಗಿ ಪಟ್ಟಿ ಸುತ್ತಿದ್ಲು. ಹೆಬ್ಬೆರಳಿನಿಂದ. ಹಲ್ಲಿಲೆ ಕಚ್ಚಿ ಅಂಟುಪಟ್ಟಿ ಹರದು ಅಂಟಿಸಿದ್ಲು. ಮಾರ್ಕರ್ ತಗದ್ಲು. ಕೈ ಅಲ್ಲೇ ನಿಂತಿತು.

"ಏನಂತ ಬರೀಲಿ?"

ಫೌಜಿನ ಹೆಸರು ಅವರದ್ದಲ್ಲ ಅಂತ ನನಗ ಗೊತ್ತಿತ್ತು. ಅವರವ್ವ ಕರೀತಿದ್ದ ಹೆಸರು ಯಾರಿಗೂ ಗೊತ್ತಿಲ್ಲ, ಆಕಿ ಹೋಗಿ ಯಾವ ಕಾಲ ಆತು. ಎಲ್ಲಾರೂ ಯವ್ವನ ಮಾರಿ ನೋಡಿದ್ರು. ಯವ್ವ ತಲಿ ಅಲ್ಲಾಡಿಸಿದ್ಲು. "ಗಂಡನ ಹೆಸರು ನಾ ಬಾಯಿಲೆ ಹೆಂಗ ತಗೀಲೇ ಯವ್ವಾ? ಇಷ್ಟು ವರ್ಷ ತಗದಿಲ್ಲ."

"ಮತ್ತ ಏನಂತ ಕರೀತಿದ್ದಿ?"

"ಏನ್ರೀ ಅಂತಿದ್ದೆ. ಅಂದ್ರ ಎಲ್ಲಿದ್ರೂ ಹೊಳ್ಳಿ ನೋಡೋರು. ನಿನ್ನೀ ಸಂಜಿ ತನಕ ನೋಡ್ಯಾರ."

ಹುಲಿಗೆಮ್ಮ ಜರಾನೂ ತಡ ಮಾಡಲಿಲ್ಲ. ಪಟ್ಟಿ ಮ್ಯಾಲ "ಏನ್ರೀ" ಅಂತ ಚಂದಗಿ ಬರದ್ಲು. ಯಾರೂ ನಗಲಿಲ್ಲ. ನಾನೂ ನಗಲಿಲ್ಲ.

ದಿವಸದ ಕಾರ್ಯ ಎಲ್ಲಾ ಮುಗಿದ ಮ್ಯಾಲ ಒಂದು ಮಧ್ಯಾಹ್ನ ಯವ್ವನ ಹತ್ರ ಹೋಗಿ ಕುಂತೆ. ಆವತ್ತಿನ ನನ್ನ ನಕಲಿ, ಕಮಿಟಿ ಹಿರೇರು ಕೇಳಿದ್ದು, ನಾ ಹೇಳಿದ್ದು, ಎಲ್ಲಾ ಒದರಿದೆ. "ನನ್ನಿಂದ ಅವರ ಸ್ಟೂಲು ಹೋತು ಯವ್ವಾ. ಎಲ್ಲಾರ ಮುಂದ ನಗಿಪಾಟಲು ಮಾಡಿದೆ. ಪಾಪ, ಅವರು ನಕ್ಕಂಗ ಮಾಡಿದ್ರು" ಅಂದೆ.

ಯವ್ವ ಅಕ್ಕಿ ಆರಿಸೋದು ನಿಲ್ಲಿಸಲಿಲ್ಲ.

"ನಕ್ಕಂಗ ಮಾಡಲಿಲ್ಲಪಾ, ಖರೇನ ನಕ್ಕರು. ಮನಿಗಿ ಬಂದೂ ನಗಾಕತ್ತಿದ್ರು. 'ಏನ ಇಕಿ, ಇವತ್ತ ಒಬ್ಬ ಹುಡುಗ ಯಾವನೋ ಉಸ್ತಾದಂದು ನಕಲಿ ಮಾಡಿದ, ಹೊಟ್ಟಿ ಹುಣ್ಣಾಗೋಹಂಗ ನಗಿಸಿದ' ಅಂದ್ರು. ಯಾವ ಉಸ್ತಾದ್ರೀ ಅಂದೆ. 'ಯಾರೋ ಗೊತ್ತಾಗಲಿಲ್ಲ. ಆದ್ರ ಚಲೋ ಮನಷಾ ಇರಬೇಕು. ಹೆಸರು ಮರತ್ರೂ ಹುಡುಗನ ಕೈ ಬಿಡವಲ್ಲ. ಎದುರಿನವಗೂ ನೀರು ಕುಡಸ್ತಾನ. ನಮ್ಮ ಹುಲಿಗಿ ಮೂಲ್ಯಾಗ ಅಂಥಾವ ಒಬ್ಬ ನಿಂದರಬೇಕು ನೋಡು' ಅಂದ್ರು."